ಸಹಾಯ ಬೇಕು: ಮಗ ಈಗ ಮನಸ್ಸಿಟ್ಟು ಆಡುತ್ತಿದ್ದಾನೆ, ತಂದೆಯ ಒತ್ತಡವನ್ನು ತಗ್ಗಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ 15 ವರ್ಷ. ಆಟ ಅವನ ಕೈಯಲ್ಲೇ ಇದೆಯೆಂದು ಟೆನಿಸ್ ತರಬೇತುದಾರರು ಮೊದಲಿನಿಂದ ಹೇಳುತ್ತಿದ್ದರೂ ಅಭ್ಯಾಸಕ್ಕೆ ನೆಪ ಹೇಳುತ್ತಿದ್ದವನು, ಆರು ತಿಂಗಳಿಂದ ಯಾರೂ ಎಬ್ಬಿಸದೆ ಬೆಳಿಗ್ಗೆ 5 ಗಂಟೆಗೆ ಎದ್ದು, ಬುಟ್ಟಿಯ ಚೆಂಡುಗಳೆಲ್ಲ ಮುಗಿಯುವವರೆಗೆ ಎರಡನೇ ಸರ್ವ್ ಒಂದನ್ನೇ ತಿದ್ದಿಕೊಳ್ಳುತ್ತಿದ್ದಾನೆ. ಅದನ್ನು ನೋಡುವಾಗ ನನಗೆ ಕಣ್ಣು ತುಂಬಿ ಬರುತ್ತದೆ.

ಆದರೆ ಇದನ್ನು ಕಂಡ ನಮ್ಮ ಯಜಮಾನರ ಆಸೆ ಮಿತಿಮೀರಿದೆ. ಅಖಿಲ ಭಾರತ ಟೆನಿಸ್ ಸಂಸ್ಥೆಯ (ಎಐಟಿಎ) 16 ವರ್ಷದೊಳಗಿನವರ ಪಂದ್ಯಾವಳಿಗಳು ಸಾಲದೆಂದು 18ರ ವಿಭಾಗಕ್ಕೂ ಹೆಸರು ಕೊಡಿಸುತ್ತಾರೆ. ಸೋತ ದಿನ ಮನೆ ತಲುಪುವವರೆಗೂ ಕಾರಿನಲ್ಲಿ, ಎರಡೂ ಸರ್ವ್ ತಪ್ಪಿ ಪಾಯಿಂಟ್ ಕಳೆದುಕೊಂಡ ಡಬಲ್ ಫಾಲ್ಟ್‌ಗಳನ್ನು ಎಣಿಸಿ ಹೇಳುತ್ತಾರೆ. ಎಂಟು ಗ್ರ್ಯಾಂಡ್ ಸ್ಲ್ಯಾಮ್ ಸಿಂಗಲ್ಸ್ ಗೆದ್ದ ಆಂಡ್ರೆ ಅಗಾಸಿಯೇ ತಂದೆಯ ಬಲವಂತದಲ್ಲಿ ಬೆಳೆದು ಟೆನಿಸ್ಸನ್ನು ದ್ವೇಷಿಸುತ್ತಿದ್ದೆನೆಂದು ಹೇಳಿಕೊಂಡಿರುವುದನ್ನು ಓದಿದಾಗಿನಿಂದ ನನಗೆ ನಿದ್ರೆಯಿಲ್ಲ.

ತರಬೇತುದಾರರಿಂದಲೂ ಹೇಳಿಸಿ ನೋಡಿದೆ. ಎರಡು ವಾರ ಸುಮ್ಮನಿದ್ದು ಮತ್ತೆ ಶುರು ಮಾಡಿದರು. "ಅಪ್ಪ ಬೇಲಿಯ ಹತ್ತಿರ ನಿಂತರೆ ಕೈ ಬಿಗಿಯುತ್ತದೆ, ಅಮ್ಮ" ಎನ್ನುತ್ತಾನೆ ಮಗ. ಆದರೆ ದುಡಿದು ಖರ್ಚು ಹೊರುವ, ಊರೂರಿಗೆ ಕರೆದೊಯ್ಯುವ ತಂದೆಗೆ ಬರಬೇಡಿ ಎನ್ನಲು ನನಗೆ ಬಾಯಿ ಬರುತ್ತಿಲ್ಲ.

ಮಕ್ಕಳನ್ನು ಪಂದ್ಯಾವಳಿಗಳಲ್ಲಿ ಆಡಿಸಿದ ಅನುಭವವಿರುವವರು ದಯವಿಟ್ಟು ತಿಳಿಸಿ: ಕೆಲವು ತಿಂಗಳು ಇವರನ್ನು ಅಂಕಣದಿಂದ ದೂರವಿಡುವುದು ಒಳ್ಳೆಯದೇ, ಅಥವಾ ಬರಲಿ, ಆಟದ ಮಾತು ಮಾತ್ರ ಆಡಬಾರದೆಂದು ಕರಾರು ಮಾಡಿಕೊಳ್ಳುವುದೇ? ನಿಮ್ಮ ಮನೆಯಲ್ಲಿ ಯಾವುದು ನಡೆಯಿತು?