ಉಪವಾಸದಲ್ಲಿ ಮರೆತು ನೀರು ಕುಡಿದ, ಇನ್‌ಹೇಲರೂ ಎಳೆದ. ಉಪವಾಸ ಹೋಯ್ತಾ?

ಪುತ್ತೂರಿನವಳು, ಲೆಸ್ಟರ್ (ಇಂಗ್ಲೆಂಡ್): ಅಸ್ಸಲಾಮು ಅಲೈಕುಂ. ಮಗನಿಗೆ ಹತ್ತು ವರ್ಷ. ಹಟ ಮಾಡಿ ಇವತ್ತು ರಮಝಾನ್ ಉಪವಾಸ ಹಿಡಿದಿದ್ದ. ಆಟದ ಪೀರಿಯಡ್ ಆದ ಮೇಲೆ ಮರೆತು ಅರ್ಧ ಬಾಟಲಿ ನೀರು ಕುಡಿದನಂತೆ. ಆಮೇಲೆ ಉಬ್ಬಸ ಬಂದು ನೀಲಿ ಇನ್‌ಹೇಲರ್ ಎಳೆದಿದ್ದಾನೆ. ಈಗ ಬ್ಯಾಗೂ ಇಳಿಸದೆ ಬಾಗಿಲಲ್ಲಿ ಅಳ್ತಾ ನಿಂತಿದ್ದಾನೆ. ನಾನು ಶಾಫಿಈ, ಮನೆಯವರು ಹುಬ್ಬಳ್ಳಿಯ ಹನಫಿ, ಅಂದರೆ ಇಬ್ಬರದ್ದೂ ಬೇರೆ ಬೇರೆ ಧರ್ಮಶಾಸ್ತ್ರದ ಪಂಥ. ಏನು ಹೇಳಲಿ?

ಉಳ್ಳಾಲದ ಕಾಕ: ತಂಗೀ, ಮರೆತು ಕುಡಿದರೆ ಮುರಿಯಲ್ಲ. ಅಲ್ಲಾಹನೇ ಉಣಿಸಿ ಕುಡಿಸಿದ ಅಂತ ಹದೀಸ್ (ಪ್ರವಾದಿಯವರ ಮಾತು) ಇದೆ. ನೆನಪಾದ ಕೂಡಲೇ ನಿಲ್ಲಿಸಬೇಕು, ಅಷ್ಟೆ. ವಾಂತಿಯೂ ಹಾಗೇ. ತಾನಾಗಿ ಬಂದರೆ ಪರವಾಗಿಲ್ಲ, ಬೇಕಂತಲೇ ಮಾಡಿಕೊಂಡರೆ ಮುರಿಯುತ್ತೆ. ಇನ್‌ಹೇಲರ್ ಬಗ್ಗೆ ಒಮ್ಮತ ಇಲ್ಲ. ಸೌದಿಯ ವಿದ್ವಾಂಸ ಇಬ್ನ್ ಬಾಝ್ ಮುರಿಯಲ್ಲ ಅಂದಿದ್ದಾರೆ, ಹನಫಿ ಉಲಮಾಗಳಲ್ಲಿ (ವಿದ್ವಾಂಸರಲ್ಲಿ) ತುಂಬ ಜನ ಮುರಿಯುತ್ತೆ ಅಂತಾರೆ. ನಿಮ್ಮ ಹುಡುಗ ಬಾಲಿಗ್ (ಪ್ರಾಯಕ್ಕೆ ಬಂದವನು) ಆಗಿಲ್ಲ ಅಲ್ವಾ? ಅವನಿಗೆ ಉಪವಾಸ ಕಡ್ಡಾಯವೇ ಅಲ್ಲ, ಕಝಾ (ಬದಲಿಗೆ ಇನ್ನೊಂದು ದಿನ ಹಿಡಿಯುವುದು) ಕೂಡ ಇಲ್ಲ.

ದಾವಣಗೆರೆ ಭಾಯ್, ಬ್ರಾಡ್‌ಫೋರ್ಡ್: ಇಲ್ಲಿ ಹುಟ್ಟಿದ ಮಕ್ಕಳದ್ದು ಬರೀ ನಾಜೂಕು. 2016ರಲ್ಲಿ ರಮಝಾನ್ ಜೂನ್‌ಗೆ ಬಂದಿತ್ತು, ದಿನಕ್ಕೆ 18 ಗಂಟೆಗೂ ಜಾಸ್ತಿ. ನನ್ನ ಮಗಳು ಎಂಟನೇ ವಯಸ್ಸಿಗೇ ಪೂರ್ತಿ ಹಿಡಿದಳು. ಈಗ ರೂಢಿ ಮಾಡಿಸದಿದ್ದರೆ ಕಾಲೇಜಿಗೆ ಹೋದ ಮೇಲೆ ಕೈಗೆ ಸಿಗಲ್ಲ.

ಭಟ್ಕಳದ ಅಕ್ಕ: ಉಬ್ಬಸದ ಮಗುವಿಗೆ ಔಷಧಿ ಬೇಡ ಅಂತೀರಾ?

ದಾವಣಗೆರೆ ಭಾಯ್: ಬೇಡ ಅಂದೆನಾ? ಶಿಸ್ತು ಬೇಕು ಅಂದೆ.

ಮೈಸೂರು ಹುಡುಗ: ನಾನು ಮುಸ್ಲಿಂ ಅಲ್ಲ, ಸುಮ್ನೆ ಓದ್ತಿದ್ದೆ. ನೀರೂ ಇಲ್ವಾ? ನಮ್ಮಜ್ಜಿಯ ಏಕಾದಶಿಯಲ್ಲಿ ಉಪ್ಪಿಟ್ಟಿಗೂ ಜಾಗ ಇತ್ತು.

ಶಿವಮೊಗ್ಗದವರು: ನಮ್ಮಿಬ್ಬರದ್ದೂ ಶಿಫ್ಟ್ ಕೆಲಸ. ಮಕ್ಕಳು ಫೋನಿನ ಅಝಾನ್ ಕೇಳಿ ತಾವೇ ಖರ್ಜೂರ ತಿಂದು ಇಫ್ತಾರ್ ಮಾಡ್ತಾರೆ. ಊರಲ್ಲಿದ್ದಿದ್ದರೆ ಪಾತ್ರೆ ಹಿಡಿದು ಮಸೀದಿಯ ಗಂಜಿಗೆ ಓಡ್ತಿದ್ದರು.

ದಾವಣಗೆರೆ ಭಾಯ್: ಅದನ್ನೇ ಹೇಳಿದ್ದು! ವಾರಕ್ಕೊಂದು ದಿನದ ಮದ್ರಸ ಯಾತಕ್ಕೂ ಸಾಲಲ್ಲ.

ಉಳ್ಳಾಲದ ಕಾಕ: ಭಾಯ್, ಮದ್ರಸದ ಮಾತು ಯಾರು ಎತ್ತಿದರು?

ಪುತ್ತೂರಿನವಳು: ಇಫ್ತಾರ್ ತನಕ ಕಾಯ್ತೀನಿ ಅಂತ ಕೂತಿದ್ದಾನೆ. ನಾಳೆ ಮತ್ತೆ ಉಬ್ಬಸ ಬಂದರೆ?

ಭಟ್ಕಳದ ಅಕ್ಕ: ನೀಲಿ ಇನ್‌ಹೇಲರ್ ಬ್ಯಾಗಲ್ಲೇ ಇರಲಿ, ಬೇಕೆನಿಸಿದರೆ ಎಳೆಯಲಿ. ದಿನಾ ಎರಡು ಹೊತ್ತು ಎಳೆಯುವ ಇನ್‌ಹೇಲರ್ ಬೇರೆ ಇದ್ದರೆ ಸಹ್ರಿಗೆ (ಬೆಳಗಿನ ಜಾವದ ಊಟಕ್ಕೆ), ಇಫ್ತಾರ್‌ಗೆ ಕೊಡಬಹುದಾ ಅಂತ ಡಾಕ್ಟರ್ ಹತ್ತಿರ ಕೇಳಿ. ಕಾಯಿಲೆಯ ದೊಡ್ಡವರಿಗೇ ಬೇರೆ ದಿನ ಹಿಡಿಯಿರಿ ಅಂತ ಕುರ್‌ಆನ್ (2:184) ಬಿಟ್ಟಿರುವಾಗ ಇವನು ಮಗು.

ದಾವಣಗೆರೆ ಭಾಯ್: ಶನಿವಾರ ನಮ್ಮ ಮನೆಯಲ್ಲಿ ಇಫ್ತಾರ್. ಪೂರ್ತಿ ಉಪವಾಸ ಹಿಡಿದ ಮಕ್ಕಳಿಗೆ ಬಹುಮಾನ ಇದೆ.

ಭಟ್ಕಳದ ಅಕ್ಕ: ಇನ್‌ಹೇಲರ್ ಎಳೆದವರಿಗೂ ಉಂಟಾ?