ಅಪ್‌ಡೇಟ್: ಗಂಡನ ಜರ್ಮನ್ ಮುತ್ತಜ್ಜನ ಊರು ಸಿಕ್ಕಿತು!

ನನ್ನ ಗಂಡ ಲಿವರ್‌ಪೂಲ್‌ನವರು. ಅವರ ಮುತ್ತಜ್ಜ ಜರ್ಮನಿಯಿಂದ ಬಂದವರು, ಆದರೆ 1891ರ ಜನಗಣತಿಯಲ್ಲಿ ಹುಟ್ಟಿದ ಜಾಗ ಬರೀ 'ಜರ್ಮನಿ' ಅಂತಿದೆ, ಊರು ಹುಡುಕುವುದು ಹೇಗೆ ಅಂತ ಹೋದ ತಿಂಗಳು ಕೇಳಿದ್ದೆ.

ಮೊದಲು ಪೌರತ್ವದ ಕಡತ ಹುಡುಕಿದೆ. ಇರಲಿಲ್ಲ. ಅವರು ಬ್ರಿಟಿಷ್ ಪ್ರಜೆ ಆಗಲೇ ಇಲ್ಲ ಅನ್ನಿಸುತ್ತೆ. ಅದೇ ಮುಂದೆ ಕುತ್ತಾಯಿತು: ಮೊದಲ ಮಹಾಯುದ್ಧದಲ್ಲಿ ಬ್ರಿಟನ್ ಅಂಥ ಜರ್ಮನ್ನರನ್ನು ಶತ್ರು ದೇಶದವರೆಂದು ಹಿಡಿದು ಶಿಬಿರದಲ್ಲಿ ಇಟ್ಟಿತು.

ಆಮೇಲೆ ನಿಮ್ಮಲ್ಲೊಬ್ಬರು 'ಹಂದಿಮಾಂಸದ ಅಂಗಡಿ ಇತ್ತಾ?' ಅಂತ ಕೇಳಿದ್ದು ನೆನಪಾಯಿತು. ಇತ್ತು! ಇಂಗ್ಲೆಂಡಿನಲ್ಲಿ ಈ ಕಸುಬಿನ ಜರ್ಮನ್ನರು ಜಾಸ್ತಿ ಬಂದದ್ದು ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ರಾಜ್ಯದ ಹೋಹೆನ್‌ಲೋಹೆ ಪ್ರದೇಶದ ಕಡೆಯಿಂದಂತೆ. ಆದರೂ ಅದು ಊಹೆಯಷ್ಟೇ ಅಲ್ವಾ?

ಖಚಿತವಾಗಿದ್ದು ರೆಡ್ ಕ್ರಾಸ್‌ನ ಮೊದಲ ಮಹಾಯುದ್ಧದ ಕೈದಿಗಳ ಪಟ್ಟಿಯಿಂದ. ಅದು ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಈ ಕೈದಿಗಳ ಬಗ್ಗೆ ಬ್ರಿಟನ್ ಇಟ್ಟಿದ್ದ ಕಡತಗಳು ಬಹುಪಾಲು 1940ರ ಬಾಂಬ್ ದಾಳಿಯಲ್ಲಿ ಸುಟ್ಟುಹೋದವು, ಹಾಗಾಗಿ ಅದೇ ದಿಕ್ಕು. ಮುತ್ತಜ್ಜನನ್ನು ಐಲ್ ಆಫ್ ಮ್ಯಾನ್ ದ್ವೀಪದ ನಾಕಲೋ ಶಿಬಿರದಲ್ಲಿ ಇಟ್ಟಿದ್ದರು. ಹುಟ್ಟೂರು: ಕ್ಯುನ್ಸೆಲ್ಸಾವ್. ಹೋಹೆನ್‌ಲೋಹೆಯೇ!

1915ರ ಮೇ 7ರಂದು ಜರ್ಮನ್ ಜಲಾಂತರ್ಗಾಮಿಯೊಂದು ಬ್ರಿಟನ್ನಿನ ಲೂಸಿಟೇನಿಯಾ ಎಂಬ ಪ್ರಯಾಣಿಕರ ಹಡಗನ್ನು ಮುಳುಗಿಸಿದ ಮೇಲೆ ಲಿವರ್‌ಪೂಲ್‌ನಲ್ಲಿ ಜರ್ಮನ್ ಅಂಗಡಿಗಳನ್ನು ಜನ ಒಡೆದು ದೋಚಿದ್ದರು. 'ಪಿಯಾನೋ ಕಿಟಕಿಯಿಂದ ಬಿತ್ತು' ಅಂತ ಅತ್ತೆ ಹೇಳುತ್ತಿದ್ದರು. ನಾನು ಸುಮ್ನೆ ಕಥೆ ಅಂದುಕೊಂಡಿದ್ದೆ.

ಮುಂದೆ ಕ್ಯುನ್ಸೆಲ್ಸಾವ್ ಚರ್ಚಿನ ಕುಟುಂಬ ಪುಸ್ತಕ ನೋಡಬೇಕು. ವುರ್ಟೆಂಬರ್ಗ್‌ನಲ್ಲಿ 1808ರಿಂದ ಒಂದೊಂದು ಮನೆಗೂ ಒಂದು ಪುಟ ಬರೆದಿಟ್ಟಿದ್ದಾರೆ. ಆ ಹಳೆಯ ಜರ್ಮನ್ ಕೈಬರಹ ಓದಲು ಬರುವವರು ಯಾರಾದರೂ ಇದ್ದೀರಾ?