ಸಹಾಯ ಬೇಕು: ಕ್ಯಾಡ್ಮಿಯಂನಿಂದ ಕಿಡ್ನಿಗೆ ಪೆಟ್ಟು, ಗಿಡಮೂಲಿಕೆ ಕಾಪಾಡುತ್ತಾ?

ಎಲ್ಲರಿಗೂ ನಮಸ್ಕಾರ. ನಮ್ಮಣ್ಣ ಹನ್ನೊಂದು ವರ್ಷ ನಿಕಲ್-ಕ್ಯಾಡ್ಮಿಯಂ (ಕ್ಯಾಡ್ಮಿಯಂ ಒಂದು ವಿಷಕಾರಿ ಲೋಹ) ಬ್ಯಾಟರಿ ಕೆಲಸದಲ್ಲಿದ್ದ. ಈಗ ಮೂತ್ರದಲ್ಲಿ ಬೀಟಾ-2 ಮೈಕ್ರೋಗ್ಲೋಬ್ಯುಲಿನ್ (ಕಿಡ್ನಿಯ ಸೂಕ್ಷ್ಮ ನಳಿಕೆಗಳಿಗೆ ಪೆಟ್ಟಾದಾಗ ಮೂತ್ರಕ್ಕೆ ಸೋರುವ ಸಣ್ಣ ಪ್ರೋಟೀನ್) ಜಾಸ್ತಿ ಬಂದಿದೆ. ಕಿಡ್ನಿ ಎಷ್ಟು ಸೋಸುತ್ತಿದೆ ಅಂತ ತೋರಿಸುವ ರಕ್ತದ ಕ್ರಿಯಾಟಿನಿನ್ ಇನ್ನೂ ನಾರ್ಮಲ್. ಕಿಡ್ನಿ ಸೇರಿದ ಕ್ಯಾಡ್ಮಿಯಂ ಅರ್ಧದಷ್ಟು ಕಡಿಮೆಯಾಗಲು 10ರಿಂದ 30 ವರ್ಷ ಬೇಕು ಅಂತ ಡಾಕ್ಟರ್ ಹೇಳಿದಾಗಿನಿಂದ ನನಗೆ ನಿದ್ದೆಯಿಲ್ಲ.

ಪರಿಚಯದವರೊಬ್ಬರು ಗಿಡಮೂಲಿಕೆಯ ಕಂದು ಪುಡಿಯ ಡಬ್ಬಿ ಕೊಟ್ಟಿದ್ದಾರೆ. ಲೇಬಲ್ ಇಲ್ಲ, ಮುಚ್ಚಳದ ಮೇಲೆ ಪೆನ್ನಿನಲ್ಲಿ 'ದಿನಕ್ಕೆ 2 ಚಮಚ' ಅಂತಷ್ಟೇ ಇದೆ. ಅಣ್ಣ ಶುರು ಮಾಡ್ತೀನಿ ಅಂತಾನೆ, ನಾನೇ ತಡೆದಿದ್ದೇನೆ. ಕೆಲವು ಗಿಡಮೂಲಿಕೆ ಪುಡಿಗಳಲ್ಲೇ ಸೀಸ, ಪಾದರಸ ಸಿಕ್ಕಿದ್ದುಂಟು. ಅರಿಸ್ಟೊಲೋಕಿಕ್ ಆಮ್ಲವಿರುವ ಗಿಡಗಳಂತೂ ಕಿಡ್ನಿಯನ್ನೇ ಹಾಳು ಮಾಡುತ್ತವೆ.

ಅರಿಶಿನದ ಕರ್ಕ್ಯುಮಿನ್, ಬೆಳ್ಳುಳ್ಳಿ ಸಾರ ಇವು ಇಲಿಗಳ ಕಿಡ್ನಿಗೆ ಕ್ಯಾಡ್ಮಿಯಂನಿಂದ ಆಗುವ ಹಾನಿ ತಗ್ಗಿಸಿದ್ದನ್ನು ಓದಿದ್ದೇನೆ. ಆದರೆ ಅಲ್ಲಿ ಹೆಚ್ಚಾಗಿ ಲೋಹದ ಜೊತೆಗೋ ಅದಕ್ಕೂ ಮುಂಚೆಯೋ ಮೂಲಿಕೆ ಕೊಟ್ಟಿರುತ್ತಾರೆ. ನಮ್ಮಣ್ಣನ ದೇಹದಲ್ಲಿ ಲೋಹ ಆಗಲೇ ಕೂತುಬಿಟ್ಟಿದೆ.

ಕಿಡ್ನಿ ತಜ್ಞರು, ಆಯುರ್ವೇದ ವೈದ್ಯರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ: ಇಂಥ ಸ್ಥಿತಿಯಲ್ಲಿರುವ ಮನುಷ್ಯರ ಮೇಲೆ ನಡೆದ ಪ್ರಯೋಗ ಯಾವುದಾದರೂ ಇದೆಯಾ? ಈ ಪುಡಿಯಲ್ಲಿ ಲೋಹ ಇದೆಯಾ ಅಂತ ಯಾವ ಥರದ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಬೇಕು? ಮುಂದಿನ ವಾರ ಡಾಕ್ಟರ ಹತ್ತಿರ ಹೋಗುವಾಗ ಡಬ್ಬಿಯನ್ನೂ ಒಯ್ಯುತ್ತೇನೆ.